ಲೈಕ್ ಬರುತ್ತೆ, ಆರ್ಡರ್ ಬರಲ್ಲ: ಇನ್‌ಸ್ಟಾಗ್ರಾಮ್, ವಾಟ್ಸಾಪ್‌ನಲ್ಲಿ ಎಲ್ಲಿ ಸೋರುತ್ತಿದೆ?

ಕ್ಯಾನ್ವಾಸ್_ಜೋಡಿ:

ಎಲ್ಲರಿಗೂ ನಮಸ್ಕಾರ. ಇಬ್ಬರೇ ನಡೆಸುವ ಸಣ್ಣ ಘಟಕ. ಕ್ಯಾನ್ವಾಸ್ ಬ್ಯಾಗ್ ಹೊಲಿದು ಮಾರುತ್ತೇವೆ. 14 ವಿನ್ಯಾಸ ಯಾವಾಗಲೂ ರೆಡಿ ಇರುತ್ತೆ, ಉಳಿದದ್ದು ಹೇಳಿ ಮಾಡಿಸಿಕೊಳ್ಳೋದು. ವೆಬ್‌ಸೈಟ್ ಇಲ್ಲ, ವ್ಯಾಪಾರ ಪೂರ್ತಿ ಮೆಸೇಜ್‌ನಲ್ಲೇ.

ಇನ್‌ಸ್ಟಾಗ್ರಾಮ್ ಬಿಸಿನೆಸ್ ಖಾತೆಯಲ್ಲಿ 2,300 ಫಾಲೋವರ್ಸ್. ವಾರಕ್ಕೆ 4 ಪೋಸ್ಟ್. ಹಿಂದಿನ 30 ದಿನದ ಇನ್‌ಸೈಟ್ಸ್ (ಆ್ಯಪ್ ತೋರಿಸುವ ಅಂಕಿಗಳು) ಹೀಗಿದೆ: ರೀಚ್, ಅಂದರೆ ಪೋಸ್ಟ್ ತಲುಪಿದ ಜನ, 18,000, ಪ್ರೊಫೈಲ್ ನೋಡಿದವರು 640, ಮೆಸೇಜ್ ಮಾಡಿದವರು 52, ಆರ್ಡರ್ 4. ಮೂರು ಸಲ ಪೋಸ್ಟ್ ಬೂಸ್ಟ್ ಮಾಡಿದ್ವಿ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಿದ್ವಿ. ಲೈಕ್ ಏರಿತು, ಅಷ್ಟೇ.

ಕೇಳಬೇಕಿರೋದು ಮೂರು. ದಿನಕ್ಕೊಂದು ಪೋಸ್ಟ್ ಹಾಕಬೇಕಾ? ಬೂಸ್ಟ್ ಬಿಟ್ಟು ಸರಿಯಾದ ಜಾಹೀರಾತು ಕೊಡಬೇಕಾ? ಒಂದೇ ತಿಂಗಳಲ್ಲಿ 10,000 ಫಾಲೋವರ್ಸ್ ತಂದುಕೊಡ್ತೀವಿ ಅನ್ನೋ ಏಜೆನ್ಸಿಗೆ ವಹಿಸಬಹುದಾ? ಇಬ್ಬರಿಂದ ಸೇರಿ ಇದಕ್ಕೆ ಸಿಗೋದು ವಾರಕ್ಕೆ 6 ಗಂಟೆ, ಅದಕ್ಕಿಂತ ಜಾಸ್ತಿ ಆಗಲ್ಲ.

ಲೆಕ್ಕದ_ಪುಸ್ತಕ:

ಅಂಕಿ ಸಮೇತ ಕೇಳಿದ್ದೀರಿ, ಅರ್ಧ ಕೆಲಸ ಅಲ್ಲೇ ಆಯಿತು. ನಿಮ್ಮ ಅಂಕಿಗಳನ್ನೇ ಭಾಗಿಸಿ ನೋಡಿ.

18,000ರಲ್ಲಿ 640 ಅಂದರೆ 3.6%. 640ರಲ್ಲಿ 52 ಅಂದರೆ 8%. ಈ ಎರಡು ಹಂತದಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. 52ರಲ್ಲಿ 4 ಅಂದರೆ 13 ಜನಕ್ಕೆ ಒಬ್ಬರು. ಸೋರುತ್ತಿರೋದು ಇಲ್ಲಿ. ತಾವಾಗಿಯೇ ಮೆಸೇಜ್ ಮಾಡಿ ಬೆಲೆ ಕೇಳಿದವರು ದಾರಿಹೋಕರಲ್ಲ, ಅಂಗಡಿ ಒಳಗೆ ಬಂದು ಬ್ಯಾಗ್ ಕೈಗೆತ್ತಿಕೊಂಡವರು. ಅವರಲ್ಲಿ 48 ಜನ ಬರಿಗೈಲಿ ಹೋಗಿದ್ದಾರೆ. 4 ಜನಕ್ಕೆ ಒಬ್ಬರು ಕೊಂಡರೂ ಅದೇ 52 ಮೆಸೇಜ್‌ಗೆ 13 ಆರ್ಡರ್ ಆಗುತ್ತೆ. ಒಂದೂ ಹೊಸ ಪೋಸ್ಟ್ ಬೇಡ, ಒಂದು ಕಾಸಿನ ಜಾಹೀರಾತೂ ಬೇಡ. ಈಗ ಮೇಲಿಂದ ಜನರನ್ನು ಸುರಿದರೆ ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ.

ಮೊದಲ ಕೆಲಸ: ಆ 48 ಚಾಟ್ ತೆರೆದು ಕೂತುಕೊಳ್ಳಿ. ಪ್ರತಿಯೊಂದರಲ್ಲೂ ಎರಡು ವಿಷಯ ಬರೆದಿಡಿ. ಕೊನೆಯ ಮೆಸೇಜ್ ಯಾರದ್ದು, ಮಾತು ಯಾವ ಘಟ್ಟದಲ್ಲಿ ನಿಂತಿತು. ಒಂದು ಗಂಟೆಯ ಕೆಲಸ. ಸಾಮಾನ್ಯವಾಗಿ ಸಿಗುವ ಘಟ್ಟಗಳು ಇವು: ಬೆಲೆ ಕೇಳಿ ಸುಮ್ಮನಾದವರು, ಉತ್ತರ ತಡವಾಗಿ ಹೋದದ್ದು, ಡೆಲಿವರಿ ಖರ್ಚು ಆಮೇಲೆ ಗೊತ್ತಾಗಿ ಹಿಂದೆ ಸರಿದವರು, ಹಣ ಕಳಿಸೋದು ಹೇಗೆ ಅಂತ ಕೇಳಿ ನಿಂತವರು.

ಎರಡನೆಯದು, ಮಾತುಕತೆ ಒಂದೇ ಕಡೆ ಇರಲಿ. ಅರ್ಧ ಇನ್‌ಸ್ಟಾಗ್ರಾಮ್ ಡಿಎಂ (ಖಾಸಗಿ ಮೆಸೇಜ್), ಅರ್ಧ ವಾಟ್ಸಾಪ್ ಆದರೆ ಒಂದು ಕಡೆ ಖಂಡಿತ ಮರೆತುಹೋಗುತ್ತೆ. ಮನೆಯವರ ಜೊತೆ ಮಾತಾಡುವ ನಂಬರ್ ಬೇಡ, ಬೇರೆ ನಂಬರ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. ಅದಕ್ಕೆ ದುಡ್ಡಿಲ್ಲ. ಒಂದು ಫೋನ್ ಜೊತೆಗೆ ಇನ್ನೂ 4 ಸಾಧನ ಜೋಡಿಸಬಹುದು, ಹಾಗಾಗಿ ಇಬ್ಬರೂ ಉತ್ತರ ಕೊಡಬಹುದು. ಆದರೆ ಮೂಲ ಫೋನ್ 14 ದಿನ ಮುಟ್ಟದೇ ಬಿಟ್ಟರೆ ಜೋಡಿಸಿದ ಸಾಧನಗಳು ತಾವಾಗಿ ಲಾಗೌಟ್ ಆಗುತ್ತವೆ. ಡ್ರಾಯರ್‌ನಲ್ಲಿ ಹಾಕಿ ಮರೆಯಬೇಡಿ.

ಆ್ಯಪ್‌ನಲ್ಲಿ ಮಾಡಬೇಕಾದ್ದು:

ಕ್ಯಾಟಲಾಗ್. 500 ಐಟಂವರೆಗೆ ಹಿಡಿಯುತ್ತೆ, ನಿಮಗೆ 14 ಸಾಕು. ಪ್ರತಿಯೊಂದಕ್ಕೂ ಬೆಲೆ, ಉದ್ದ-ಅಗಲ-ಆಳ ಸೆಂಟಿಮೀಟರ್‌ನಲ್ಲಿ, ತೂಕ, ಹಿಡಿಕೆಯ ಉದ್ದ, ಒಳಜೇಬು ಎಷ್ಟು, ಎಷ್ಟು ಇಂಚಿನ ಲ್ಯಾಪ್‌ಟಾಪ್ ಹಿಡಿಯುತ್ತೆ, ಒಗೆಯೋದು ಹೇಗೆ. ಹೆಗಲಿಗೆ ಹಾಕಿಕೊಂಡಿರುವ ಒಂದು ಫೋಟೋ ಕಡ್ಡಾಯ. ಬ್ಯಾಗ್ ಒಂದನ್ನೇ ತೆಗೆದ ಫೋಟೋದಲ್ಲಿ ಅಳತೆ ಯಾರಿಗೂ ಗೊತ್ತಾಗಲ್ಲ.

ಕ್ವಿಕ್ ರಿಪ್ಲೈ. 50ರವರೆಗೆ ಉಳಿಸಿಕೊಳ್ಳಬಹುದು, ಓರೆಗೆರೆ ಒತ್ತಿದರೆ ಪಟ್ಟಿ ಬರುತ್ತೆ. ಬೆಲೆಯ ಉತ್ತರ ಬರೀ ಅಂಕಿ ಆಗಿರಬಾರದು. ಬ್ಯಾಗ್ ಬೆಲೆ, ಡೆಲಿವರಿ, ಎರಡೂ ಕೂಡಿಸಿದ ಮೊತ್ತ, ಎಷ್ಟು ದಿನದಲ್ಲಿ ತಲುಪುತ್ತೆ, ಹಣ ಕೊಡುವ ದಾರಿ, ಕೊನೆಗೆ ಒಂದು ಸುಲಭದ ಪ್ರಶ್ನೆ: "ಕಂದು ಬಣ್ಣದ್ದಾ, ಹಸಿರಾ?" ಪ್ರಶ್ನೆಯಿಂದ ಮುಗಿದ ಮೆಸೇಜ್‌ಗೆ ಉತ್ತರ ಬರುತ್ತೆ. ಅಂಕಿಯಿಂದ ಮುಗಿದದ್ದಕ್ಕೆ ಹೆಚ್ಚೆಂದರೆ ಒಂದು "ಓಕೆ".

ಗ್ರೀಟಿಂಗ್ ಮೆಸೇಜ್. ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಮತ್ತೆ ಬಂದವರಿಗೆ ತಾನಾಗಿ ಹೋಗುತ್ತೆ. ಅದರಲ್ಲೇ ಕ್ಯಾಟಲಾಗ್ ಲಿಂಕ್ ಇಡಿ. ಅವೇ (away) ಮೆಸೇಜ್ ಬೇರೆ, ಅದು ನೀವು ಇಲ್ಲದ ಹೊತ್ತಿಗೆ. "ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತ ಬರೆಯಬೇಡಿ, ಯಾರೂ ನಂಬಲ್ಲ. "ಬೆಳಿಗ್ಗೆ 10ಕ್ಕೆ ಉತ್ತರ ಬರುತ್ತೆ" ಅಂತ ಬರೆದು 10ಕ್ಕೇ ಕೊಡಿ.

ಲೇಬಲ್. ಐದು ಸಾಕು: ಹೊಸಬರು, ಬೆಲೆ ಹೇಳಿದೆ, ಹಣ ಬಾಕಿ, ಕಳಿಸಬೇಕು, ಮುಗಿಯಿತು. ದಿನಕ್ಕೊಮ್ಮೆ "ಬೆಲೆ ಹೇಳಿದೆ" ತೆರೆದು, ಎರಡು ದಿನ ದಾಟಿದವರಿಗೆ ಒಂದೇ ಒಂದು ನೆನಪೋಲೆ. ಎರಡನೆಯದು ಬೇಡ. ಜನ ಬ್ಲಾಕ್, ರಿಪೋರ್ಟ್ ಮಾಡತೊಡಗಿದರೆ ನಂಬರ್ರೇ ಬಂದ್ ಆಗಬಹುದು, ಇಡೀ ವ್ಯಾಪಾರ ಇರೋದು ಅದರ ಮೇಲೆ.

ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸೋದು, ಅದರ ಬಗ್ಗೆ ಒಂದು ಮಾತು. ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪೋದು. ಹಾಗಾಗಿ "ಆರ್ಡರ್ ಸ್ಥಿತಿ ತಿಳಿಸೋಕೆ ಈ ನಂಬರ್ ಸೇವ್ ಮಾಡಿಕೊಳ್ಳಿ" ಅನ್ನೋ ಸಾಲನ್ನು ಆರ್ಡರ್ ಖಚಿತ ಮಾಡುವ ಮೆಸೇಜ್‌ನಲ್ಲೇ ಸೇರಿಸಿ.

ಕಿಟಕಿ_ಬೆಳಕು:

ಮೇಲಿನವರು ಹೇಳಿದ್ದೇ ಮೊದಲು ಆಗಲಿ. ದಿನಕ್ಕೊಂದು ಪೋಸ್ಟ್ ಬೇಡ, ವಾರಕ್ಕೆ 3 ಸಾಕು. 6 ಗಂಟೆಯನ್ನು ಹೀಗೆ ಹಂಚಿ: 2 ಗಂಟೆ ಒಟ್ಟಿಗೇ ಶೂಟಿಂಗ್, ಒಂದೂವರೆ ಗಂಟೆ ಎಡಿಟಿಂಗ್, ಅರ್ಧ ಗಂಟೆ ಬರೆದು ಮೆಟಾ ಬಿಸಿನೆಸ್ ಸೂಟ್‌ನಲ್ಲಿ (ಮೆಟಾ ಅಂದರೆ ಇನ್‌ಸ್ಟಾಗ್ರಾಮ್, ವಾಟ್ಸಾಪ್, ಫೇಸ್‌ಬುಕ್‌ನ ಕಂಪನಿ) ಶೆಡ್ಯೂಲ್ ಮಾಡೋದು, ಉಳಿದ 2 ಗಂಟೆ ಬರೀ ಉತ್ತರಕ್ಕೆ. ಉತ್ತರದ ಹೊತ್ತನ್ನು ಕತ್ತರಿಸಿ ಎಡಿಟಿಂಗ್‌ಗೆ ಹಾಕೋರೇ ಜಾಸ್ತಿ. ಎಡಿಟಿಂಗ್ ಮಜಾ ಕೊಡುತ್ತೆ, ಅದಕ್ಕೆ.

ಪ್ರೊಫೈಲ್ ಮೊದಲು. ಬಯೋಗೆ 150 ಅಕ್ಷರ ಮಾತ್ರ. "ಕಲೆ, ಕನಸು, ಕೈಕೆಲಸ" ಥರದ್ದನ್ನೆಲ್ಲ ತೆಗೆದು, ಏನು ಮಾರ್ತೀರಿ, ಬೆಲೆ ಎಷ್ಟರಿಂದ ಶುರು, ಎಲ್ಲಿಗೆಲ್ಲ ಕಳಿಸ್ತೀರಿ, ಆರ್ಡರ್ ಹೇಗೆ, ಇಷ್ಟೇ ಇರಲಿ. ಹೆಸರಿನ ಜಾಗದಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ "ಕ್ಯಾನ್ವಾಸ್ ಬ್ಯಾಗ್" ಅನ್ನೋ ಪದವೂ ಇರಲಿ, ಇನ್‌ಸ್ಟಾಗ್ರಾಮ್ ಹುಡುಕಾಟ ಆ ಜಾಗವನ್ನೂ ನೋಡುತ್ತೆ. ಯೋಚಿಸಿ ಬದಲಿಸಿ, 14 ದಿನದಲ್ಲಿ ಎರಡೇ ಸಲ ಅವಕಾಶ. ಬಯೋದಲ್ಲಿ 5 ಲಿಂಕ್‌ವರೆಗೆ ಹಾಕಬಹುದು, ನಿಮಗೆ ಒಂದೇ ಸಾಕು, ವಾಟ್ಸಾಪ್‌ದು. ಕ್ಯಾಪ್ಷನ್‌ನಲ್ಲಿ ಅಂಟಿಸಿದ ಲಿಂಕ್ ಒತ್ತಿದರೆ ತೆರೆಯಲ್ಲ, ಅದರಿಂದ ಪ್ರಯೋಜನವಿಲ್ಲ. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಇದೆ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತೆ, ಆದ್ದರಿಂದ ಬೆಲೆ, ಅಳತೆ, ಡೆಲಿವರಿ, ಕೊಂಡವರ ಮಾತು ಅಂತ ನಾಲ್ಕು ಹೈಲೈಟ್ (ಪ್ರೊಫೈಲ್‌ನಲ್ಲೇ ಉಳಿಯುವ ಸ್ಟೋರಿಗಳ ಗುಂಪು) ಮಾಡಿಡಿ.

ಅಳತೆಗಳು. ರೀಲ್ 1080×1920, ಅಂದರೆ 9:16. ಫೋಟೋ 1080×1350, ಅಂದರೆ 4:5. 2025ರ ಜನವರಿಯಿಂದ ಪ್ರೊಫೈಲ್ ಗ್ರಿಡ್ (ಪ್ರೊಫೈಲ್‌ನಲ್ಲಿ ಸಾಲಾಗಿ ಕಾಣುವ ಪುಟ್ಟ ಚಿತ್ರಗಳು) 3:4 ಆಗಿದೆ, ಹಾಗಾಗಿ 4:5 ಫೋಟೋದ ಎಡಬಲ ಅಂಚು ಗ್ರಿಡ್‌ನಲ್ಲಿ ಸ್ವಲ್ಪ ಕತ್ತರಿಸಿಹೋಗುತ್ತೆ. ಬೆಲೆಯನ್ನು ಅಂಚಿಗೆ ಒತ್ತಿ ಬರೆದರೆ ಕೊನೆಯ ಸೊನ್ನೆ ಹೋಗಿ ಪೇಚಾಟ. ರೀಲ್‌ನಲ್ಲಿ ಮೇಲಿನ 14%, ಕೆಳಗಿನ 35% ಜಾಗದಲ್ಲಿ ಅಕ್ಷರ ಹಾಕಬೇಡಿ, ಅಲ್ಲಿ ಖಾತೆಯ ಹೆಸರು, ಕ್ಯಾಪ್ಷನ್, ಬಟನ್ ಬಂದು ಕೂರುತ್ತವೆ. 1920ರ ಎತ್ತರದಲ್ಲಿ ಅದು ಮೇಲೆ ಸುಮಾರು 270, ಕೆಳಗೆ 670 ಪಿಕ್ಸೆಲ್.

ಬಿಸಿನೆಸ್ ಖಾತೆಗೆ ಜನಪ್ರಿಯ ಹಾಡುಗಳ ಪೂರ್ತಿ ಸಂಗ್ರಹ ಸಿಗಲ್ಲ. ಬೇರೆ ಆ್ಯಪ್‌ನಲ್ಲಿ ಹಾಡು ಸೇರಿಸಿ ತಂದರೆ ವಿಡಿಯೋ ಮ್ಯೂಟ್ ಆಗಬಹುದು, ತೆಗೆದೂ ಹಾಕಬಹುದು. ಮೆಟಾ ಸೌಂಡ್ ಕಲೆಕ್ಷನ್ ಇದೆ, ಬಳಸಿ. ಅದಕ್ಕಿಂತ ಹೊಲಿಗೆ ಯಂತ್ರದ ಸದ್ದು, ಜಿಪ್ ಎಳೆಯುವ ಸದ್ದೇ ಚೆಂದ. ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇರುವ ವಿಡಿಯೋ ಹಾಕಬೇಡಿ, ಅಂಥವನ್ನು ಹೊಸಬರಿಗೆ ಕಡಿಮೆ ತೋರಿಸ್ತೀವಿ ಅಂತ ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ.

ಏನು ತೆಗೆಯಬೇಕು? ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಮ್ ಮೊಸ್ಸೇರಿ 2025ರ ಜನವರಿಯಲ್ಲಿ, ಪೋಸ್ಟ್ ಎಷ್ಟು ಜನಕ್ಕೆ ತಲುಪುತ್ತೆ ಅನ್ನೋದಕ್ಕೆ ಮುಖ್ಯವಾದ ಮೂರು ಅಂಶ ಹೆಸರಿಸಿದ್ದರು: ಎಷ್ಟು ಹೊತ್ತು ನೋಡಿದರು, ಲೈಕ್, ಮತ್ತೊಬ್ಬರಿಗೆ ಕಳಿಸಿದ್ದು. ಹೊಸಬರನ್ನು ತಲುಪೋಕೆ ಮೂರನೆಯದು ಹೆಚ್ಚು ನೆರವಾಗುತ್ತೆ. ಹಾಗಾದರೆ ಪ್ರಶ್ನೆ ಇಷ್ಟೇ, ಇದನ್ನು ಯಾರು ಯಾರಿಗೆ ಕಳಿಸ್ತಾರೆ? "ನೋಡು, ನಿನಗೆ ಬೇಕು ಅಂದಿದ್ದೆಯಲ್ಲ" ಅಂತ ಕಳಿಸುವಂಥದ್ದು ತೆಗೆಯಿರಿ. ಮೂರು ಅಳತೆಯ ಬ್ಯಾಗ್ ಪಕ್ಕ ಒಂದೇ ನೀರಿನ ಬಾಟಲಿ. ಒಂದು ಬ್ಯಾಗ್ ಒಳಗೆ ಏನೇನು ಹಿಡಿಯಿತು ಅಂತ ಒಂದೊಂದಾಗಿ ತುಂಬಿಸೋದು. ಹಿಡಿಕೆಗೆ 10 ಕಿಲೋ ತೂಗುಹಾಕೋದು. ಮೊದಲ 2 ಸೆಕೆಂಡ್‌ನಲ್ಲೇ ಬ್ಯಾಗ್ ಕೆಲಸ ಮಾಡುತ್ತಿರಬೇಕು. ಲೋಗೋ ತಿರುಗಿಸುತ್ತಾ ಕೂತರೆ ಆ 2 ಸೆಕೆಂಡ್ ಹೋಯಿತು, ನೋಡುವವರೂ ಹೋದರು. ಸದ್ದಿಲ್ಲದೆ ನೋಡುವವರಿಗೆ ಪರದೆ ಮೇಲೆ ಅಕ್ಷರ ಇರಲಿ.

ಬೆಳಕಿಗೆ ಏನೂ ಕೊಳ್ಳಬೇಡಿ. ಕಿಟಕಿ ಒಂದು ಪಕ್ಕ, ಎದುರು ಪಕ್ಕ ಬಿಳಿ ಥರ್ಮೋಕೋಲ್ ಹಾಳೆ. ಒಳಗಿನ ದೀಪ ಆರಿಸಿ. ಹಗಲ ಬೆಳಕಿಗೆ ದೀಪದ ಬೆಳಕು ಬೆರೆತರೆ ಹಸಿರು ಬಟ್ಟೆ ಹಳದಿಗೆ ತಿರುಗುತ್ತೆ, ಕೊಂಡವರು "ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ" ಅಂತ ವಾಪಸ್ ಕಳಿಸ್ತಾರೆ. ಲೆನ್ಸ್ ಒರೆಸಿ, ಬ್ಯಾಗ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ದರೆ ಕೈ ಅಡ್ಡ ಬಂದಾಗೆಲ್ಲ ಬೆಳಕು ಏರಿಳಿಯುತ್ತೆ.

ಖರ್ಚಿಗೆ_ಕಡಿವಾಣ:

ಬೂಸ್ಟ್‌ನಿಂದ ಲೈಕ್ ಮಾತ್ರ ಬಂದದ್ದು ಯಂತ್ರದ ತಪ್ಪಲ್ಲ. ನೀವು ಬೂಸ್ಟ್ ಮಾಡುವಾಗ ಆರಿಸಿದ ಗುರಿ ನೋಡಿ. ಎಂಗೇಜ್‌ಮೆಂಟ್ (ಲೈಕ್, ಕಾಮೆಂಟ್ ಥರದ ಪ್ರತಿಕ್ರಿಯೆ) ಕೇಳಿದರೆ ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸದವರನ್ನೇ ಹುಡುಕಿ ತೋರಿಸುತ್ತೆ. ಕೇಳಿದ್ದು ಸಿಕ್ಕಿದೆ. ಇನ್ನೊಂದು, ಐಫೋನ್ ಆ್ಯಪ್ ಒಳಗಿಂದ ಬೂಸ್ಟ್ ಮಾಡಿದ್ದರೆ ಆ್ಯಪಲ್‌ನ 30% ಸೇವಾ ಶುಲ್ಕವೂ ಸೇರಿರುತ್ತೆ, 2024ರಿಂದ ಬಂದದ್ದು. ಬ್ರೌಸರ್‌ನಿಂದ ಮಾಡಿದರೆ ಆ ಶುಲ್ಕ ಇಲ್ಲ.

ಜಾಹೀರಾತು ಕೊಡೋಕೆ ಮೆಟಾದ ಆಡ್ಸ್ ಮ್ಯಾನೇಜರ್ ಇದೆ, ಅದರಲ್ಲಿ ಗುರಿ ಆರು: ಅವೇರ್‌ನೆಸ್, ಟ್ರಾಫಿಕ್, ಎಂಗೇಜ್‌ಮೆಂಟ್, ಲೀಡ್ಸ್, ಆ್ಯಪ್ ಪ್ರಮೋಷನ್, ಸೇಲ್ಸ್. ನಿಮಗೆ ಎಂಗೇಜ್‌ಮೆಂಟ್ ಒಳಗೆ ಹೋಗಿ, ಗಿರಾಕಿ ಎಲ್ಲಿಗೆ ಬರಬೇಕು ಅಂತ ಕೇಳಿದಲ್ಲಿ ಮೆಸೇಜಿಂಗ್ ಆ್ಯಪ್, ಅದರಲ್ಲಿ ವಾಟ್ಸಾಪ್, ಗುರಿ ಹೆಚ್ಚು ಸಂಭಾಷಣೆ. ಹೆಸರು ಎಂಗೇಜ್‌ಮೆಂಟೇ ಆದರೂ ಹುಡುಕೋದು ಬೇರೆ ಜನರನ್ನು.

ಒಂದು ಕ್ಯಾಂಪೇನ್, ಒಂದು ಆ್ಯಡ್ ಸೆಟ್ (ಒಂದೇ ಬಗೆಯ ಜನಕ್ಕೆ ಹೋಗುವ ಜಾಹೀರಾತುಗಳ ಗುಂಪು), ಅದರಲ್ಲಿ 3 ಜಾಹೀರಾತು. ಸಣ್ಣ ಮೊತ್ತವನ್ನು ಐದು ಆ್ಯಡ್ ಸೆಟ್‌ಗೆ ಹಂಚಬೇಡಿ. ಒಂದು ಆ್ಯಡ್ ಸೆಟ್ ಕಲಿಕೆಯ ಹಂತ (ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಅವಧಿ) ದಾಟೋಕೆ 7 ದಿನದಲ್ಲಿ ಸುಮಾರು 50 ಫಲಿತಾಂಶ ಬೇಕು, ಹಂಚಿದರೆ ಯಾವುದೂ ದಾಟಲ್ಲ. ಬೆಳಿಗ್ಗೆ ಬಜೆಟ್ ಜೋರಾಗಿ ಏರಿಸಿ, ಸಂಜೆ ಫೋಟೋ ಬದಲಿಸಿ, ಮಾರನೇ ದಿನ ವಯಸ್ಸು ತಿದ್ದಿದರೆ ಪ್ರತಿ ಸಲ ಕಲಿಕೆ ಮೊದಲಿಂದ ಶುರು. ಒಂದು ವಾರ ಕೈಕಟ್ಟಿ ಕೂರೋದೇ ಇದರಲ್ಲಿ ಕಷ್ಟದ ಕೆಲಸ.

ಈಗ ಲೆಕ್ಕ. ಬಟ್ಟೆ, ದಾರ, ಕೂಲಿ, ಪ್ಯಾಕಿಂಗ್ ಎಲ್ಲ ಕಳೆದು ಒಂದು ಬ್ಯಾಗ್‌ಗೆ ಕೈಗೆ ಉಳಿಯೋದು 100 ಅಂತಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. 13 ಮಾತುಕತೆಗೆ ಒಂದು ಆರ್ಡರ್ ಅಂದರೆ ಒಂದು ಮಾತುಕತೆಗೆ 7.7ಕ್ಕಿಂತ ಜಾಸ್ತಿ ಕೊಟ್ಟರೆ ಕೈಯಿಂದ ಹೋಗುತ್ತೆ. 4ಕ್ಕೆ ಒಂದು ಆದರೆ 25ರವರೆಗೆ ತಾಳುತ್ತೆ. ಇವತ್ತು ನಷ್ಟ ತರುವ ಅದೇ ಜಾಹೀರಾತು ಉತ್ತರ ಸರಿಯಾದ ಮೇಲೆ ಲಾಭ ತರುತ್ತೆ. ಅದಕ್ಕೇ ಈಗಲೇ ಬೇಡ.

ಶುರು ಮಾಡಿದಾಗ ಮೊದಲೇ ಖಾತೆಗೆ ಖರ್ಚಿನ ಮಿತಿ ಹಾಕಿಡಿ. ಒಂದು ಆರ್ಡರ್‌ಗೆ ನೀವು ತಾಳಬಲ್ಲ ಮೊತ್ತದ 3 ಪಟ್ಟು ಖರ್ಚಾದರೂ ಒಂದೂ ಆರ್ಡರ್ ಇಲ್ಲ ಅಂದರೆ ನಿಲ್ಲಿಸಿ, ಇದು ನಿಯಮವಲ್ಲ, ನನ್ನ ಅಂದಾಜಿನ ಗೆರೆ. ಮೆಟಾ ಆ್ಯಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ. ಬ್ಯಾಗ್ ಮಾರುವ ಬೇರೆಯವರ ಜಾಹೀರಾತು ಯಾವ ದಿನದಿಂದ ಓಡುತ್ತಿದೆ ಅಂತ ಅಲ್ಲಿ ಕಾಣುತ್ತೆ. ತಿಂಗಳುಗಟ್ಟಲೆ ಓಡುತ್ತಿರೋದನ್ನು ಯಾರೂ ಸುಮ್ಮನೆ ಓಡಿಸಲ್ಲ, ಅದರ ಮೊದಲ ಫೋಟೋ ಹೇಗಿದೆ ನೋಡಿ.

ಕ್ಯಾನ್ವಾಸ್_ಜೋಡಿ:

ಎಲ್ಲರಿಗೂ ಧನ್ಯವಾದ. ಪೋಸ್ಟ್‌ನಲ್ಲಿ ಬೆಲೆ ಹಾಕದೆ "ಬೆಲೆಗೆ ಮೆಸೇಜ್ ಮಾಡಿ" ಅಂತ ಬರೆಯುತ್ತಿದ್ದೇವೆ, ಹಾಕಿದರೆ ಬೇರೆ ಬ್ಯಾಗ್‌ನವರು ನೋಡಿ ಕಡಿಮೆ ಮಾಡ್ತಾರೆ ಅನ್ನೋ ಅಳುಕು. ಏಜೆನ್ಸಿಯವರು ಪಾಸ್‌ವರ್ಡ್ ಕೇಳ್ತಿದ್ದಾರೆ. "ಕಾಪಿರೈಟ್ ಉಲ್ಲಂಘನೆ, 24 ಗಂಟೆಯಲ್ಲಿ ಪೇಜ್ ಮುಚ್ಚುತ್ತೇವೆ" ಅಂತ ಒಂದು ಮೆಸೇಜ್ ಕೂಡ ಬಂದಿದೆ. ಅಂದಹಾಗೆ, ಮೂವರಿಗೆ ಟ್ಯಾಗ್ ಮಾಡಿ, ಶೇರ್ ಮಾಡಿದರೆ ಉಚಿತ ಬ್ಯಾಗ್ ಅಂತ ಸ್ಪರ್ಧೆ ಇಡೋಣ ಅಂತಿದ್ದೇವೆ. ಸರಿನಾ?

ಸಣ್ಣ_ಮಾತು:

ಬೆಲೆ ತಿಳಿಯಬೇಕು ಅಂದುಕೊಂಡ ಎದುರಾಳಿ ಇನ್ನೊಂದು ಖಾತೆಯಿಂದ ಒಂದು ಮೆಸೇಜ್ ಹಾಕಿದರೆ ಮುಗಿಯಿತು. ಬಚ್ಚಿಟ್ಟದ್ದು ಗಿರಾಕಿಯಿಂದ ಮಾತ್ರ. ಬೆಲೆ ಹಾಕಿ.

ಬೀಗ_ಭದ್ರ:

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಕೆಲಸ ಗೊತ್ತಿರುವ ಏಜೆನ್ಸಿ ಅದನ್ನು ಕೇಳುವುದೂ ಇಲ್ಲ. ಮೆಟಾ ಬಿಸಿನೆಸ್ ಪೋರ್ಟ್‌ಫೋಲಿಯೋ ನಿಮ್ಮ ಹೆಸರಲ್ಲಿ ತೆರೆದು, ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಮ್, ಜಾಹೀರಾತು ಖಾತೆ ಮೂರನ್ನೂ ಅದಕ್ಕೆ ಸೇರಿಸಿ, ಏಜೆನ್ಸಿಗೆ ಪಾರ್ಟ್‌ನರ್ ಅಂತ ಬೇಕಾದಷ್ಟೇ ಅಧಿಕಾರ ಕೊಡಿ. ಬೇಡವಾದ ದಿನ ಒಂದು ಬಟನ್ ಒತ್ತಿ ತೆಗೆಯಬಹುದು. ಜಾಹೀರಾತು ಖಾತೆ ಅವರ ಹೆಸರಲ್ಲಿದ್ದರೆ, ಬಿಟ್ಟುಹೋಗುವಾಗ ನಿಮ್ಮ ದುಡ್ಡಲ್ಲಿ ಕಲಿತ ಮಾಹಿತಿಯೆಲ್ಲ ಅವರ ಜೊತೆಗೇ ಹೋಗುತ್ತೆ. ನೀವಿಬ್ಬರೂ ಪೂರ್ಣ ಅಧಿಕಾರದ ಅಡ್ಮಿನ್ ಆಗಿರಿ. ಒಬ್ಬರೇ ಇದ್ದು ಅವರ ಖಾತೆ ಲಾಕ್ ಆದರೆ ಪೇಜ್‌ಗೆ ದಿಕ್ಕಿರಲ್ಲ. ಎರಡು ಹಂತದ ದೃಢೀಕರಣವನ್ನು ಅಥೆಂಟಿಕೇಟರ್ ಆ್ಯಪ್‌ನಿಂದ ಹಾಕಿ, ರಿಕವರಿ ಕೋಡ್ ಕಾಗದದಲ್ಲಿ ಬರೆದಿಡಿ. ವಾಟ್ಸಾಪ್‌ಗೂ ಆರು ಅಂಕಿಯ ಪಿನ್ ಇದೆ, ಅದೂ ಹಾಕಿ.

24 ಗಂಟೆ ಬೆದರಿಕೆ ಮೋಸ. ಅದರಲ್ಲಿ ಲಿಂಕ್ ಇದ್ದರೆ ಒತ್ತಬೇಡಿ. ಖಾತೆಗೆ ನಿಜವಾಗಿ ತೊಂದರೆ ಇದ್ದರೆ ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸ್‌ನ ಅಕೌಂಟ್ ಸ್ಟೇಟಸ್‌ನಲ್ಲೇ ಕಾಣುತ್ತೆ, ಯಾರೋ ಡಿಎಂ ಮಾಡಿ ಹೇಳಲ್ಲ. ಇಮೇಲ್ ಬಂದಿದ್ದರೆ, ಕಳೆದ 14 ದಿನದಲ್ಲಿ ಇನ್‌ಸ್ಟಾಗ್ರಾಮ್ ನಿಮಗೆ ಕಳಿಸಿದ ಇಮೇಲ್‌ಗಳ ಪಟ್ಟಿ ಭದ್ರತೆಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತೆ. ಅದರಲ್ಲಿ ಇಲ್ಲದ್ದು ಅವರದ್ದಲ್ಲ.

10,000 ಫಾಲೋವರ್ಸ್: ಒಂದೇ ತಿಂಗಳಲ್ಲಿ ಅಂತ ಲೆಕ್ಕ ಹಿಡಿದು ಮಾತು ಕೊಡ್ತಾರೆ ಅಂದರೆ ನಕಲಿ ಖಾತೆಗಳು ಅಂತಲೇ ತಿಳಿಯಿರಿ. ಅವು ಕೊಳ್ಳಲ್ಲ, ನೋಡಲ್ಲ, ಯಾರಿಗೂ ಕಳಿಸಲ್ಲ. ಪೋಸ್ಟ್ ತೋರಿಸಿದಾಗ ಪ್ರತಿಕ್ರಿಯೆ ಇಲ್ಲ ಅಂತಾಗಿ ನಿಜವಾದ 2,300 ಜನಕ್ಕೂ ತಲುಪೋದು ಕುಗ್ಗುತ್ತೆ. ಮುಂದೆ "ನಮ್ಮ ಫಾಲೋವರ್ಸ್‌ನ ಹೋಲುವವರಿಗೆ ತೋರಿಸಿ" ಅಂತ ಜಾಹೀರಾತು ಕೊಟ್ಟರೆ ನಕಲಿಗಳನ್ನು ಹೋಲುವವರನ್ನೇ ಹುಡುಕುತ್ತೆ.

ಸ್ಪರ್ಧೆ: ಫೇಸ್‌ಬುಕ್‌ನಲ್ಲಿ ತಮ್ಮ ಟೈಮ್‌ಲೈನ್‌ನಲ್ಲಿ ಶೇರ್ ಮಾಡಬೇಕು, ಸ್ನೇಹಿತರನ್ನು ಟ್ಯಾಗ್ ಮಾಡಬೇಕು ಅನ್ನೋ ಷರತ್ತು ಮೆಟಾ ನಿಯಮಕ್ಕೇ ವಿರುದ್ಧ. ಕಾಮೆಂಟ್ ಮಾಡಿ ಅನ್ನಬಹುದು. ಈ ಸ್ಪರ್ಧೆಗೂ ಮೆಟಾಗೂ ಸಂಬಂಧವಿಲ್ಲ ಅಂತ ಒಂದು ಸಾಲು ಬರೆಯಬೇಕು. ಬಹುಮಾನ ನಿಮ್ಮದೇ ಬ್ಯಾಗ್ ಆಗಿರಲಿ. ಫೋನ್ ಇಟ್ಟರೆ ಫೋನ್ ಬೇಕಾದವರು ಬರ್ತಾರೆ, ಬ್ಯಾಗ್ ಬೇಕಾದವರಲ್ಲ.

ಕ್ಯಾನ್ವಾಸ್_ಜೋಡಿ:

48 ಚಾಟ್ ವಿಂಗಡಿಸಿದ್ವಿ. ಬೆಲೆ ಹೇಳಿದ ಮೇಲೆ ಸುಮ್ಮನಾದವರು 21. ನಮ್ಮ ಉತ್ತರ 4 ಗಂಟೆಗಿಂತ ತಡವಾದದ್ದು 13. ಡೆಲಿವರಿ ಖರ್ಚು ಕೇಳಿ ನಿಂತದ್ದು 9. ಉಳಿದ 5 ನಾವು ಮಾಡದ ವಸ್ತು ಕೇಳಿದವರು.

ಲೆಕ್ಕದ_ಪುಸ್ತಕ:

ಕೊನೆಯ 5 ಬಿಟ್ಟುಬಿಡಿ. 13 ಮತ್ತು 9, ಒಟ್ಟು 22, ಈ ವಾರವೇ ಸರಿಯಾಗುವಂಥದ್ದು. ತಡವಾದದ್ದಕ್ಕೆ ದಿನಕ್ಕೆ ಎರಡು ನಿಗದಿ ಹೊತ್ತು, ನಡುವೆ ಅವೇ ಮೆಸೇಜ್. ಡೆಲಿವರಿಗೆ, ಸರಾಸರಿ ಖರ್ಚನ್ನು ಬೆಲೆಯಲ್ಲೇ ಸೇರಿಸಿ ಒಂದೇ ಮೊತ್ತ ಹೇಳಿ. ಕೊನೆ ಗಳಿಗೆಯಲ್ಲಿ ಏರುವ ಸಣ್ಣ ಮೊತ್ತಕ್ಕೆ ಜನ ಮುನಿಯುವಷ್ಟು ಮೊದಲೇ ಕಂಡ ದೊಡ್ಡ ಮೊತ್ತಕ್ಕೆ ಮುನಿಯಲ್ಲ.

21ರಲ್ಲಿ ಎರಡು ಬಗೆ ಬೆರೆತಿದೆ. ಬೆಲೆ ಹೆಚ್ಚಾಯಿತು ಅಂದವರು ಒಂದು, ಆ ಬೆಲೆಗೆ ಏನು ಸಿಗುತ್ತೆ ಅಂತ ತಿಳಿಯದವರು ಇನ್ನೊಂದು. ಪೋಸ್ಟ್‌ನಲ್ಲೇ ಬೆಲೆ ಬಂದರೆ ಮೊದಲನೆಯವರು ಮೆಸೇಜೇ ಮಾಡಲ್ಲ. 52 ಇದ್ದದ್ದು 35ಕ್ಕೆ ಇಳಿಯಬಹುದು, ಗಾಬರಿ ಬೇಡ, ನೋಡಬೇಕಾದ್ದು ಆರ್ಡರ್. ಎರಡನೆಯವರಿಗೆ ಬೆಲೆಯ ಜೊತೆಗೇ ಅಳತೆಯ ಫೋಟೋ ಮತ್ತು ಹಿಡಿಕೆಗೆ 10 ಕಿಲೋ ತೂಗುಹಾಕಿದ ಆ ವಿಡಿಯೋ ಕಳಿಸಿ.

ಇನ್ನೊಂದು ಸಣ್ಣ ಉಪಾಯ, ವೆಬ್‌ಸೈಟ್ ಇಲ್ಲದವರಿಗೆ ಬಲು ಉಪಯೋಗ. ವಾಟ್ಸಾಪ್ ಕಿರುಲಿಂಕ್‌ನಲ್ಲಿ ಮೊದಲೇ ಬರೆದಿಟ್ಟ ಮಾತು ಸೇರಿಸಬಹುದು. ಬಯೋಗೆ ಒಂದು ಲಿಂಕ್, "ಬಯೋ ನೋಡಿ ಬಂದೆ, ಬ್ಯಾಗ್ ಬಗ್ಗೆ ತಿಳಿಸಿ". ಸ್ಟೋರಿಗೆ ಇನ್ನೊಂದು, ಪ್ಯಾಕೆಟ್ ಒಳಗಿಡುವ ಚೀಟಿಯ ಕ್ಯೂಆರ್ ಕೋಡ್‌ಗೆ ಮತ್ತೊಂದು. ಯಾರು ಎಲ್ಲಿಂದ ಬಂದರು ಅನ್ನೋದು ಮೊದಲ ಸಾಲಲ್ಲೇ ಗೊತ್ತಾಗುತ್ತೆ. ಲಿಂಕ್‌ನಲ್ಲಿ ನಂಬರ್ ಹಾಕುವಾಗ ದೇಶದ ಕೋಡ್ ಇರಬೇಕು, ಆದರೆ ಪ್ಲಸ್ ಗುರುತು, ನಂಬರ್ ಶುರುವಿನ ಸೊನ್ನೆ, ನಡುವೆ ಗೆರೆ ಯಾವುದೂ ಇರಬಾರದು. ಇದ್ದರೆ ಲಿಂಕ್ ತೆರೆಯದೇ ಹೋಗಬಹುದು, ಆಗ ಬಂದವರು ಸುಮ್ಮನೆ ವಾಪಸ್ ಹೋಗ್ತಾರೆ, ನಿಮಗೆ ಗೊತ್ತೂ ಆಗಲ್ಲ. ಹಾಕಿದ ಕೂಡಲೇ ನಿಮ್ಮ ನಂಬರ್ ಸೇವ್ ಇಲ್ಲದ ಬೇರೆ ಫೋನ್‌ನಿಂದ ಒತ್ತಿ ನೋಡಿ.